ಕುಂಬಳಕಾಯಿ ಕೇಳಿದ ಕುಲಪತಿ

ಬೆಂಗಳೂರಿನಿಂದ ಹೈದರಾಬಾದಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರವನ್ನು ದಾಟಿ ಮುಂದೆ ಹೋದರೆ ಪೆರೇಸಂದ್ರ ಸಿಗುತ್ತದೆ. ಇಲ್ಲಿಂದ ಒಂದು ರಸ್ತೆ ಗುಡಿಬಂಡೆಯ ಕಡೆಗೆ ಹೊರಳುತ್ತದೆ. ಅದರಾಚೆಗೆ ಗೌರಿಬಿದನೂರು ಸೀಮೆ. ಹೆದ್ದಾರಿಯಲ್ಲೇ ಮುಂದುವರಿದರೆ ಬಾಗೇಪಲ್ಲಿ, ಬಳಿಕ ಆಂಧ್ರದ ಗಡಿ. ಗಡಿಯಿಂದ ಪುಟ್ಟಪರ್ತಿ ಬಹು ದೂರವಿಲ್ಲ.

ವರ್ಷವಿಡೀ ಹರಿಯುವ ನದಿ ಈ ನೆಲಕ್ಕಿಲ್ಲ. ಕೆರೆ ಬತ್ತಿದರೆ ಕೊಳವೆಬಾವಿಯೇ ಗತಿ. ಬಾವಿ ಆಳಕ್ಕಿಳಿದಂತೆ ನೀರಿನಲ್ಲಿ ಫ್ಲೋರೈಡ್ ಅಂಶವೂ ಕಾಣಿಸಿಕೊಂಡಿತು. ಬಾಗೇಪಲ್ಲಿ, ಗುಡಿಬಂಡೆ, ಗೌರಿಬಿದನೂರು ತಾಲ್ಲೂಕುಗಳ ಅನೇಕ ಹಳ್ಳಿಗಳಲ್ಲಿ ಹಲ್ಲಿನ ಮೇಲೆ ಕಂದು ಕಲೆ ಮೂಡಿದ ಮಕ್ಕಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂಥ ಕಡೆ ನೀರು ಶುದ್ಧಗೊಳಿಸುವ ಯಂತ್ರವನ್ನು ಮಾರಲು ಬಂದವನು ನೂರಕ್ಕೆ ನೂರು ಶುದ್ಧವೆಂದು ಹೇಳಿದರೆ ಆ ಮಾತಿನ ಮೇಲೆ ಒಂದು ಮನೆಯ ಮಕ್ಕಳ ಹಲ್ಲು, ಮೂಳೆಗಳ ಭವಿಷ್ಯ ನಿಂತಿರುತ್ತದೆ. ಅಂಗಡಿಯ ಹಲಗೆಯ ಮೇಲೆ ಅದೇ ಬಗೆಯ ಮಾತುಗಳನ್ನು ಹೊತ್ತ ಡಬ್ಬಿಗಳು ಇನ್ನೂ ಎಷ್ಟೋ. ಒಂದು ಎತ್ತರ ಬೆಳೆಸುತ್ತದೆ, ಒಂದು ಸಕ್ಕರೆ ಕಾಯಿಲೆಯನ್ನು ಓಡಿಸುತ್ತದೆ, ಮತ್ತೊಂದು ರೋಗ ನಿರೋಧಕ ಶಕ್ತಿ ಹೆಚ್ಚಿಸುತ್ತದೆ. ಇವುಗಳಲ್ಲಿ ಯಾವುದನ್ನು ನಂಬುವುದು, ಹೇಗೆ ನಂಬುವುದು?

ಈ ಪ್ರಶ್ನೆಯನ್ನು ಕೇಳುವ ಬಗೆಯನ್ನು ಕನ್ನಡ ನಾಡಿಗೆ ಕಲಿಸಿದ ಒಬ್ಬ ಮೇಷ್ಟರು ಇದೇ ಸೀಮೆಯಲ್ಲಿ ಹುಟ್ಟಿದವರು. ಅವರು ಔಷಧ ತಜ್ಞರಲ್ಲ, ವೈದ್ಯರೂ ಅಲ್ಲ. ಭೌತವಿಜ್ಞಾನಿ. ಡಾ. ಎಚ್. ನರಸಿಂಹಯ್ಯ, ಶಿಷ್ಯರ ಮತ್ತು ಅಭಿಮಾನಿಗಳ ಬಾಯಲ್ಲಿ ಎಚ್ಚೆನ್.

ಹೊಸೂರಿನಿಂದ ಬಸವನಗುಡಿಗೆ

ನರಸಿಂಹಯ್ಯನವರು 1920ರ ಜೂನ್ 6ರಂದು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಜನಿಸಿದರು. ಆಗ ಅದು ಕೋಲಾರ ಜಿಲ್ಲೆಗೆ ಸೇರಿತ್ತು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ, ಅವರು ತೀರಿಕೊಂಡ ಎರಡು ವರ್ಷಗಳ ನಂತರ. ತಂದೆ ಹನುಮಂತಪ್ಪ ಕೂಲಿಮಠದಲ್ಲಿ ಪಾಠ ಹೇಳುತ್ತಿದ್ದವರು. ತಾಯಿ ವೆಂಕಟಮ್ಮ ಕೂಲಿ ಮಾಡಿ ಸಂಸಾರಕ್ಕೆ ಹೆಗಲು ಕೊಟ್ಟವರು. ಮನೆಯಲ್ಲಿ ಬಡತನ, ಊರಿನಲ್ಲಿ ಮೇಲಿನ ತರಗತಿಗಳಿಲ್ಲ. ಅಂಥ ಹುಡುಗನಿಗೆ ಓದು ಅಲ್ಲಿಗೇ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಬಹುದೆಂಬ ಆಸೆ ಹುಟ್ಟಿದಾಗ ಬಸ್ಸಿಗಾಗಲಿ, ರೈಲಿಗಾಗಲಿ ಕೈಯಲ್ಲಿ ಕಾಸಿರಲಿಲ್ಲ. 1935ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಹುಡುಗ ನಡೆದೇ ಹೊರಟ. ಎಂಬತ್ತು ಕಿಲೋಮೀಟರ್ ಆಸುಪಾಸಿನ ದಾರಿಯನ್ನು ಎರಡು ದಿನಗಳಲ್ಲಿ ಕ್ರಮಿಸಿ ಬೆಂಗಳೂರು ಸೇರಿದ. ಎಚ್ಚೆನ್ ಅವರ ಬದುಕಿನ ಕಥೆಯನ್ನು ಯಾರು ಹೇಳಿದರೂ ಈ ನಡಿಗೆಯನ್ನು ಬಿಡುವುದಿಲ್ಲ. ಅವರು ತಮ್ಮ ಆತ್ಮಕಥೆಗೆ ಇಟ್ಟ ಹೆಸರೂ ಹೋರಾಟದ ಹಾದಿ.

ನ್ಯಾಷನಲ್ ಹೈಸ್ಕೂಲಿನಲ್ಲಿದ್ದಾಗಲೇ, 1936ರಲ್ಲಿ, ಅಲ್ಲಿಗೆ ಬಂದ ಗಾಂಧೀಜಿಯವರನ್ನು ಕಾಣುವ ಅವಕಾಶ ಒದಗಿತು. ಆ ಪ್ರಭಾವದಿಂದ ಉಟ್ಟ ಖಾದಿಯನ್ನು ಕೊನೆಯವರೆಗೂ ಬಿಡಲಿಲ್ಲ. ಬಿಳಿ ಪಂಚೆ, ಜುಬ್ಬ, ತಲೆಯ ಮೇಲೊಂದು ಗಾಂಧಿ ಟೋಪಿ. ಅಮೆರಿಕದ ವಿಶ್ವವಿದ್ಯಾಲಯಕ್ಕೆ ಹೋಗಿ ಬಂದ ಮೇಲೂ, ಕುಲಪತಿಯಾದ ಮೇಲೂ ಅದೇ ವೇಷ.

1942ರಲ್ಲಿ ಚಲೇಜಾವ್ ಚಳವಳಿ ಆರಂಭವಾದಾಗ ಅವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ವಿದ್ಯಾರ್ಥಿ. ಪುಸ್ತಕ ಮುಚ್ಚಿ ಚಳವಳಿಗೆ ಧುಮುಕಿದರು. ಬೆಂಗಳೂರು, ಮೈಸೂರು ಮತ್ತು ಪುಣೆಯ ಯರವಡಾ ಸೆರೆಮನೆಗಳನ್ನು ಕಂಡರು. ಬಿಡುಗಡೆಯಾದ ಮೇಲೆ ಓದನ್ನು ಪೂರೈಸಿ 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಅಧ್ಯಾಪಕರಾಗಿ ಸೇರಿದರು. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯೇ ದಶಕಗಳ ಕಾಲ ಅವರ ವಾಸಸ್ಥಾನವಾಯಿತು.

ಅಳತೆಯ ಶಿಸ್ತು

ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜದ ಭೌತವಿಜ್ಞಾನವನ್ನು ಅಭ್ಯಸಿಸಿ 1960ರಲ್ಲಿ ಅವರು ಡಾಕ್ಟರೇಟ್ ಪಡೆದರು. ಮುಂದೆ ಅವರು ಮಾಡಿದ ಕೆಲಸದ ಬೇರು ಈ ವಿದ್ಯೆಯಲ್ಲಿದೆ. ಪರಮಾಣುವಿನ ಒಳಗನ್ನು ಯಾರೂ ಕಣ್ಣಿನಿಂದ ಕಂಡಿಲ್ಲ. ಅಲ್ಲಿ ನಡೆಯುವುದನ್ನು ಉಪಕರಣದ ಅಳತೆಯಿಂದಷ್ಟೇ ತಿಳಿಯಬೇಕು. ಅಳತೆಯಲ್ಲಿ ದೋಷವಿದೆಯೇ ಎಂದು ಮೊದಲು ತನ್ನನ್ನೇ ಶಂಕಿಸಬೇಕು. ಇನ್ನೊಂದು ಪ್ರಯೋಗಾಲಯದಲ್ಲಿ ಇನ್ನೊಬ್ಬರು ಅದೇ ಪ್ರಯೋಗ ಮಾಡಿದರೂ ಅದೇ ಫಲ ಬರಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಈ ಶಿಸ್ತನ್ನೇ.

ತಾಯ್ನಾಡಿಗೆ ಮರಳಿ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದ ಎಚ್ಚೆನ್ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. ಕಾಲೇಜಿನ ಸಭಾಂಗಣಕ್ಕೆ ದೇಶದ ಪ್ರಸಿದ್ಧ ವಿಜ್ಞಾನಿಗಳು ಬಂದು ಸಾಮಾನ್ಯ ಜನರ ಮುಂದೆ ಮಾತನಾಡಿದರು. ಪ್ರವೇಶಕ್ಕೆ ಶುಲ್ಕವಿರಲಿಲ್ಲ. ನಿವೃತ್ತ ಗುಮಾಸ್ತರು, ಶಾಲಾ ಮಕ್ಕಳು, ಗೃಹಿಣಿಯರು ಎಲ್ಲರೂ ಕೇಳಿದರು, ಕೊನೆಯಲ್ಲಿ ಪ್ರಶ್ನಿಸಿದರು. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂಬುದು ಎಚ್ಚೆನ್ ವಿದ್ಯಾರ್ಥಿಗಳಿಗೆ ಬಿಡದೆ ಹೇಳುತ್ತಿದ್ದ ಪಾಠ. ತಮ್ಮ ಮಾತಿಗೂ ಅವರು ವಿನಾಯಿತಿ ಕೇಳಲಿಲ್ಲ.

ಹುಟ್ಟಿದ ಸೀಮೆಯನ್ನೂ ಅವರು ಮರೆಯಲಿಲ್ಲ. ಹೊಸೂರು, ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಸಂಸ್ಥೆಯ ಶಾಲೆ ಕಾಲೇಜುಗಳು ತಲೆಯೆತ್ತಿದ್ದರ ಹಿಂದೆ ಅವರ ಶ್ರಮವಿತ್ತು. ತಾನು ನಡೆದು ಹೋದ ದಾರಿಯನ್ನು ಮುಂದಿನ ಹುಡುಗರು ನಡೆಯಬೇಕಾಗದಿರಲಿ ಎಂಬ ಕಾಳಜಿ ಅದರಲ್ಲಿ ಸ್ಪಷ್ಟ.

ಸಮಿತಿ ಮತ್ತು ಮೂರು ಪತ್ರಗಳು

1972ರಲ್ಲಿ ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1976ರಲ್ಲಿ ಅವರು ರಚಿಸಿದ ಸಮಿತಿಯೊಂದು ನಾಡಿನಾಚೆಗೂ ಸುದ್ದಿಯಾಯಿತು. ಪವಾಡಗಳನ್ನೂ ಪರೀಕ್ಷೆಗೆ ಒಳಪಡಬಲ್ಲ ಇತರ ಮೂಢನಂಬಿಕೆಗಳನ್ನೂ ಪರಿಶೀಲಿಸುವುದು ಆ ಸಮಿತಿಯ ಉದ್ದೇಶ. ವಿಶ್ವವಿದ್ಯಾಲಯವೊಂದು ಇಂಥ ಕಾರ್ಯಕ್ಕೆ ಕೈಹಾಕಿದ್ದು ಅಪರೂಪದ ಸಂಗತಿ. ಅಧ್ಯಕ್ಷತೆಯನ್ನು ಕುಲಪತಿಗಳೇ ವಹಿಸಿದರು.

ಸಮಿತಿಯ ಹೆಸರಿನಲ್ಲಿದ್ದ ಪರೀಕ್ಷೆಗೆ ಒಳಪಡಬಲ್ಲ ಎಂಬ ಮಾತನ್ನು ಗಮನಿಸಬೇಕು. ದೇವರಿದ್ದಾನೆಯೇ, ಪುನರ್ಜನ್ಮವಿದೆಯೇ ಎಂದು ಸಮಿತಿ ಕೇಳಹೊರಟಿರಲಿಲ್ಲ. ಬರಿಗೈಯಿಂದ ವಸ್ತುವೊಂದು ಹೊರಬಂತೆಂದು ಯಾರಾದರೂ ಹೇಳಿದರೆ ಅದು ಕಣ್ಣಿಗೆ ಕಾಣುವ ಲೋಕದ ಮಾತು. ಅದು ನಿಜವೋ ಅಲ್ಲವೋ ಎಂಬುದನ್ನು ನೋಡಿ ತಿಳಿಯಬಹುದು. ನಂಬಿಕೆಗೂ ಹೇಳಿಕೆಗೂ ನಡುವಿನ ಈ ಗೆರೆಯನ್ನು ಅವರು ಮೊದಲೇ ಎಳೆದುಕೊಂಡಿದ್ದರು.

ಪಾಂಡವಪುರದಲ್ಲಿ ವಿಭೂತಿ ಸೃಷ್ಟಿಸುವನೆಂದು ಹೆಸರಾಗಿದ್ದ ಬಾಲಕನೊಬ್ಬನಿದ್ದ. ಅವನ ದರ್ಶನಕ್ಕೆ ಜನ ಮುಗಿಬೀಳುತ್ತಿದ್ದರು. ಸಮಿತಿಯವರು ಅಲ್ಲಿಗೆ ಹೋಗಿ ನೋಡಿದಾಗ ವಿಭೂತಿ ಬಾಲಕನ ಉಡುಪಿನಲ್ಲೇ ಅಡಗಿದ್ದುದು ಬಯಲಾಯಿತು. ದರ್ಶನಕ್ಕೆ ಬಂದ ಭಕ್ತರೂ ಕಣ್ಣಾರೆ ಕಂಡವರೇ, ಸಮಿತಿಯವರೂ ಕಣ್ಣಾರೆ ಕಂಡವರೇ. ವ್ಯತ್ಯಾಸವಿದ್ದದ್ದು ಎಲ್ಲಿ ನೋಡಬೇಕೆಂಬುದನ್ನು ಯಾರು ನಿರ್ಧರಿಸಿದರು ಎಂಬಲ್ಲಿ.

ಅದೇ ವರ್ಷ ಎಚ್ಚೆನ್ ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಒಂದರ ಹಿಂದೊಂದು ಮೂರು ಪತ್ರಗಳನ್ನು ಬರೆದರು. ಸಮಿತಿಯ ಸಮ್ಮುಖದಲ್ಲಿ, ಒಪ್ಪಿತ ಕಟ್ಟುಪಾಡುಗಳಿಗೆ ಒಳಪಟ್ಟು, ಪವಾಡಗಳನ್ನು ತೋರಬೇಕೆಂಬುದು ಕೋರಿಕೆ. ಪತ್ರಗಳು ಪತ್ರಿಕೆಗಳಲ್ಲಿ ಪ್ರಕಟವಾಗಿ ದೊಡ್ಡ ಚರ್ಚೆ ಎದ್ದಿತು. ಕುಂಬಳಕಾಯಿಯ ಪ್ರಸಂಗ ಈ ಸಂದರ್ಭದ್ದು. ಉಂಗುರ, ಸರ, ವಿಭೂತಿಗಳ ಬದಲಿಗೆ ಒಂದು ಕುಂಬಳಕಾಯಿಯನ್ನು ಸೃಷ್ಟಿಸಿ ತೋರಿಸಲಿ ಎಂದು ಎಚ್ಚೆನ್ ಕೇಳಿದ್ದು ನಾಡಿನ ಹಿರಿಯರ ನೆನಪಿನಲ್ಲಿ ಇಂದಿಗೂ ಇದೆ. ಕೇಳಿದವರು ನಕ್ಕರು. ಆದರೆ ಅದು ಬರೀ ಹಾಸ್ಯವಾಗಿರಲಿಲ್ಲ. ಉಂಗುರ ಬೆರಳುಗಳ ಸಂದಿಯಲ್ಲಿ ಅಡಗೀತು, ವಿಭೂತಿ ತೋಳಿನೊಳಗೆ ಕೂತೀತು, ಕುಂಬಳಕಾಯಿಗೆ ಎಲ್ಲೂ ಜಾಗವಿಲ್ಲ. ಸೃಷ್ಟಿಸುವ ಶಕ್ತಿ ನಿಜವಾಗಿದ್ದರೆ ಅದಕ್ಕೆ ಉಂಗುರವೂ ಒಂದೇ, ಕುಂಬಳಕಾಯಿಯೂ ಒಂದೇ. ಇಲ್ಲದಿದ್ದರೆ ಮಾತ್ರ ಗಾತ್ರ ಅಡ್ಡಿಯಾಗುತ್ತದೆ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆಯ ನಾಡಿನಲ್ಲಿ ಇದಕ್ಕಿಂತ ಒಪ್ಪುವ ಪರೀಕ್ಷೆ ಬೇರೊಂದಿರಲಾರದು.

ಪತ್ರಗಳಿಗೆ ಉತ್ತರ ಬರಲಿಲ್ಲ. ಇಂದ್ರಿಯಗಳಿಗೆ ಸೀಮಿತವಾದ ವಿಜ್ಞಾನ ಅಧ್ಯಾತ್ಮವನ್ನು ಅಳೆಯಲಾರದೆಂಬ ಅರ್ಥದ ಸಮರ್ಥನೆ ಬಾಬಾ ಅವರಿಂದ ಪತ್ರಿಕಾ ಸಂದರ್ಶನದಲ್ಲಿ ಬಂತು. ಭಕ್ತರು ನೊಂದುಕೊಂಡರು, ಅನೇಕರು ಸಿಟ್ಟಾದರು. ವಿಶ್ವವಿದ್ಯಾಲಯಕ್ಕೆ ಈ ಉಸಾಬರಿ ಏಕೆಂದು ಕೇಳಿದವರಲ್ಲಿ ವಿದ್ಯಾವಂತರೂ ಇದ್ದರು. ನೊಂದವರೆಲ್ಲ ಮೂಢರಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಅವರ ಪಾಲಿಗೆ ವಿಭೂತಿ ರಸಾಯನವಸ್ತುವಲ್ಲ, ಸಾಂತ್ವನ. ಎಚ್ಚೆನ್ ಅವರ ಪ್ರಶ್ನೆ ಆ ಸಾಂತ್ವನವನ್ನು ಕುರಿತದ್ದಲ್ಲ. ಹೇಳಿಕೆ ನಿಜವೇ ಎಂಬುದಷ್ಟೇ ಆಗಿತ್ತು. ಎರಡನ್ನೂ ಒಂದೇ ಎಂದು ತಿಳಿದವರಿಗೆ ಆ ಪ್ರಶ್ನೆ ನೋವು ತಂದದ್ದು ಸಹಜ.

ಪರೀಕ್ಷೆ ನಡೆಯಲೇ ಇಲ್ಲವಾದ್ದರಿಂದ ಪವಾಡ ಸುಳ್ಳೆಂದು ಸಮಿತಿ ಪ್ರಯೋಗದಿಂದ ಸಾಧಿಸಿತೆಂದು ಹೇಳಲಾಗದು. ಪರೀಕ್ಷೆಗೆ ಒಪ್ಪಿಗೆ ದೊರೆಯಲಿಲ್ಲವೆಂಬುದಷ್ಟೇ ದಾಖಲೆ. ಆದರೆ ಆಧಾರ ಒದಗಿಸುವ ಹೊಣೆ ಯಾರದೆಂಬುದನ್ನು ಆ ಮೂರು ಪತ್ರಗಳು ನಾಡಿಗೆ ತಿಳಿಸಿದವು. ಹೇಳುವವನೇ ಸಾಬೀತುಪಡಿಸಬೇಕು. ಕೇಳುವವನು ಸುಳ್ಳೆಂದು ಸಾಧಿಸಬೇಕಾಗಿಲ್ಲ, ನಂಬದೆ ಕಾದರೆ ಸಾಕು.

1977ರಲ್ಲಿ ಎಚ್ಚೆನ್ ಕುಲಪತಿ ಸ್ಥಾನವನ್ನು ತೊರೆದು ಬಸವನಗುಡಿಯ ಅದೇ ಕೋಣೆಗೆ ಮರಳಿದರು. ಆ ವರ್ಷದ ಆಗಸ್ಟಿನಲ್ಲಿ ಸಮಿತಿಯೂ ವಿಸರ್ಜನೆಯಾಯಿತು. ಅದೇ ಕಾಲಕ್ಕೆ ಸಂವಿಧಾನದ 42ನೇ ತಿದ್ದುಪಡಿ ಜಾರಿಗೆ ಬಂದು, ವೈಜ್ಞಾನಿಕ ಮನೋಭಾವವನ್ನೂ ಪ್ರಶ್ನಿಸುವ ಪ್ರವೃತ್ತಿಯನ್ನೂ ಬೆಳೆಸಿಕೊಳ್ಳುವುದು ಪ್ರಜೆಯ ಮೂಲಭೂತ ಕರ್ತವ್ಯವೆಂದು 51ಎ ವಿಧಿಯಲ್ಲಿ ಸೇರಿತು. ಸಮಿತಿ ಹೋಯಿತು, ಅದು ಮಾಡುತ್ತಿದ್ದ ಕೆಲಸ ಪ್ರತಿಯೊಬ್ಬ ಪ್ರಜೆಯ ಪಾಲಿಗೆ ಬಂತು.

ಗುಣವಾದವರ ಸಾಕ್ಷಿ

ಪವಾಡದ ಪರೀಕ್ಷೆಗೂ ಅಂಗಡಿಯ ಡಬ್ಬಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ನಮ್ಮ ಕಾನೂನು ಇವೆರಡನ್ನೂ ಎಂದೋ ಒಂದೇ ಕಡೆ ಇಟ್ಟಿದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯು ಔಷಧಗಳ ಜತೆಗೆ ತಾಯಿತ, ಮಂತ್ರ, ಕವಚಗಳನ್ನೂ ಹೆಸರಿಸುತ್ತದೆ. ಮಧುಮೇಹ, ಕ್ಯಾನ್ಸರ್, ಕಣ್ಣಿನ ಪೊರೆ, ರಕ್ತದೊತ್ತಡ, ಬೊಜ್ಜು ಮೊದಲಾದ ಪಟ್ಟಿಮಾಡಿದ ಕಾಯಿಲೆಗಳನ್ನು ಗುಣಪಡಿಸುತ್ತೇವೆಂಬ ಜಾಹೀರಾತನ್ನು ಅದು ನಿಷೇಧಿಸುತ್ತದೆ. ಎತ್ತರ ಹೆಚ್ಚಿಸುವ ಭರವಸೆಯೂ ಆ ಪಟ್ಟಿಯಲ್ಲಿದೆ. ಚೀಟಿಯ ಮೇಲೆ ಮಂತ್ರವಿರಲಿ, ರಾಸಾಯನಿಕ ಸೂತ್ರವಿರಲಿ, ಕಾನೂನು ನೋಡುವುದು ಅದು ಕೊಡುವ ಭರವಸೆಯನ್ನು.

ಆರೋಗ್ಯದ ವಿಷಯದಲ್ಲಿ ಮೋಸ ಹೋಗುವುದು ಸುಲಭ. ನೆಗಡಿ ಒಂದು ವಾರದಲ್ಲಿ ತಾನಾಗಿ ಹೋಗುತ್ತದೆ. ಕೀಲುನೋವು ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ನೋವು ತೀರಾ ಏರಿದಾಗಲೇ ನಾವು ಎಣ್ಣೆಯನ್ನೋ ಗುಳಿಗೆಯನ್ನೋ ಕೊಳ್ಳುತ್ತೇವೆ. ಆ ಬಳಿಕ ಇಳಿಯುವ ನೋವಿನ ಕೀರ್ತಿಯೆಲ್ಲ ಎಣ್ಣೆಗೆ ಸಲ್ಲುತ್ತದೆ. ಗುಣವಾಗದವರು ಸುಮ್ಮನಾಗುತ್ತಾರೆ, ಗುಣವಾದವರು ನೆರೆಹೊರೆಗೆ ಹೇಳುತ್ತಾರೆ. ಹೀಗೆ ಯಾರೂ ಸುಳ್ಳಾಡದೆಯೇ ಸುಳ್ಳೊಂದು ಊರೆಲ್ಲ ಹಬ್ಬುತ್ತದೆ.

ಇದನ್ನು ಬಿಡಿಸುವ ಬಗೆ ಹೊಸದೇನಲ್ಲ. ಪ್ಯಾರಿಸ್ ನಗರದಲ್ಲಿ ಮೆಸ್ಮರ್ ಎಂಬ ವೈದ್ಯನು ಕಾಣದ ಕಾಂತಶಕ್ತಿಯಿಂದ ರೋಗ ವಾಸಿಮಾಡುತ್ತೇನೆಂದು ಹೆಸರು ಮಾಡಿದ್ದ. 1784ರಲ್ಲಿ ಫ್ರಾನ್ಸಿನ ದೊರೆ ನೇಮಿಸಿದ ಆಯೋಗದಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಲಾವಾಸಿಯೆ ಅವರಂಥ ಘಟಾನುಘಟಿಗಳಿದ್ದರು. ಶಕ್ತಿ ಹರಿಸಿದ್ದು ಯಾವಾಗ, ಹರಿಸದೆ ಇದ್ದದ್ದು ಯಾವಾಗ ಎಂಬುದು ರೋಗಿಗೆ ತಿಳಿಯದಂತೆ ಅವರು ಕಣ್ಣಿಗೆ ಬಟ್ಟೆ ಕಟ್ಟಿ ಪರೀಕ್ಷಿಸಿದರು. ಶಕ್ತಿ ಹರಿಯುತ್ತಿದೆಯೆಂದು ನಂಬಿದಾಗ ಪರಿಣಾಮ ಕಂಡಿತು, ಹರಿಸಿದರೂ ತಿಳಿಯದಿದ್ದಾಗ ಕಾಣಲಿಲ್ಲ. ಇಂದು ಹೊಸ ಔಷಧವನ್ನು ಪರೀಕ್ಷಿಸುವಾಗ ಒಂದು ಗುಂಪಿಗೆ ಮದ್ದನ್ನೂ ಇನ್ನೊಂದು ಗುಂಪಿಗೆ ಮದ್ದಿಲ್ಲದ ಗುಳಿಗೆಯನ್ನೂ ಕೊಟ್ಟು, ಯಾರಿಗೆ ಯಾವುದೆಂಬುದನ್ನು ಇಬ್ಬರಿಗೂ ತಿಳಿಸದೆ ಇರುವುದು ಇದೇ ದಾರಿಯ ಮುಂದುವರಿಕೆ. ಎಚ್ಚೆನ್ ಕೇಳಿದ ಕುಂಬಳಕಾಯಿಯೂ ಇದೇ ಕುಲದ್ದು. ಮೋಸಕ್ಕಾಗಲಿ, ಭ್ರಮೆಗಾಗಲಿ ಅಡಗಲು ಜಾಗ ಕೊಡದ ಪರೀಕ್ಷೆಯನ್ನು, ಮಾರುವವನಲ್ಲ, ನೋಡುವವನು ಆರಿಸಬೇಕು.

ಡಬ್ಬಿಯ ಮೇಲಿನ ಮಾತು

ಮತ್ತೆ ಪೆರೇಸಂದ್ರದ ನೀರಿಗೆ ಬರೋಣ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂವರೆಗಿನ ಫ್ಲೋರೈಡ್ ಸ್ವೀಕಾರಾರ್ಹ ಎಂದೂ, ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕ ಸಂಸ್ಥೆ ಹೇಳುತ್ತದೆ. ನೇರಳಾತೀತ ಕಿರಣದ ಯಂತ್ರ ರೋಗಾಣುಗಳನ್ನು ಕೊಲ್ಲುತ್ತದೆ, ಕರಗಿದ ಫ್ಲೋರೈಡನ್ನು ಮುಟ್ಟುವುದಿಲ್ಲ. ಮೇಣದಬತ್ತಿಯಾಕಾರದ ಸೋಸುಕ ಕೆಸರನ್ನು ತಡೆಯುತ್ತದೆ, ಫ್ಲೋರೈಡನ್ನು ತಡೆಯುವುದಿಲ್ಲ. ನೀರನ್ನು ಕುದಿಸಿದರೂ ಅದು ಹೋಗದು. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಆರ್‌ಓ ಪೊರೆಯುಳ್ಳ ಯಂತ್ರ ಅದನ್ನು ಬಹುಮಟ್ಟಿಗೆ ತೆಗೆಯುತ್ತದೆ, ಆದರೆ ಪೊರೆ ಹಳೆಯದಾದರೆ ಕೆಲಸ ಕುಂದುತ್ತದೆ.

ಆದ್ದರಿಂದ ನೂರಕ್ಕೆ ನೂರು ಶುದ್ಧವೆಂಬ ಮಾತು ಸುಳ್ಳೇ ಆಗಿರಬೇಕೆಂದಿಲ್ಲ. ಅದು ಉಂಗುರದಂಥ ಮಾತು, ಯಾವ ಸಂದಿಯಲ್ಲಿ ಬೇಕಾದರೂ ಅಡಗಬಲ್ಲದು. ಯಾವುದರಿಂದ ಶುದ್ಧ ಎಂದು ಕೇಳಬೇಕು. ಯಂತ್ರಕ್ಕೆ ಹೋಗುವ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ಹೊರಬರುವ ನೀರಿನಲ್ಲಿ ಎಷ್ಟಿದೆ ಎಂಬ ಎರಡು ಅಂಕಿಗಳನ್ನು ಕೇಳಬೇಕು. ಯಂತ್ರ ಮಾರಿದವನ ಉಪಕರಣದಿಂದಲ್ಲ, ಅವನಿಗೆ ಸಂಬಂಧವಿಲ್ಲದ ನೀರು ಪರೀಕ್ಷಾ ಪ್ರಯೋಗಾಲಯದಿಂದ ಆ ಅಂಕಿ ಬರಬೇಕು. ಕೆಲವು ತಿಂಗಳ ನಂತರ ಮತ್ತೊಮ್ಮೆ ಅಳೆಸಬೇಕು. ಈ ಸೀಮೆಯ ಮನೆಗಳಿಗೆ ಕುಂಬಳಕಾಯಿ ಎಂದರೆ ಈ ಎರಡು ಅಂಕಿಗಳೇ.

ಇದೇ ಹೆದ್ದಾರಿಯ ಇನ್ನೊಂದು ತುದಿಯಲ್ಲಿರುವ ಹೈದರಾಬಾದಿನಿಂದ ಬಂದ ಉದಾಹರಣೆಯೊಂದಿದೆ. ಭೇದಿಯಾದ ಮಗುವಿಗೆ ಕೊಡುವ ಓಆರ್‌ಎಸ್ ದ್ರಾವಣದಲ್ಲಿ ಸಕ್ಕರೆ, ಉಪ್ಪುಗಳ ಪ್ರಮಾಣ ಲೆಕ್ಕಾಚಾರದ್ದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ. ಸಕ್ಕರೆ ಇದಕ್ಕಿಂತ ಬಹಳ ಹೆಚ್ಚಾದರೆ ಭೇದಿ ಉಲ್ಬಣಿಸಬಹುದು. ಆದರೂ ಸಿಹಿಯಾದ ಪಾನೀಯಗಳು ಹೆಸರಿನಲ್ಲಿ ಓಆರ್‌ಎಸ್ ಎಂಬ ಅಕ್ಷರಗಳನ್ನು ಧರಿಸಿ ಔಷಧದಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ದನಿಯೆತ್ತಿದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಆ ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಪದ ಬಳಸಕೂಡದೆಂದು ಆದೇಶಿಸಿತು. ಅವರು ಮಾಡಿದ್ದು ಇಷ್ಟೇ. ಡಬ್ಬಿಯ ಮುಂಭಾಗದ ದೊಡ್ಡ ಅಕ್ಷರಗಳನ್ನು ಬಿಟ್ಟು ಹಿಂಭಾಗದ ಸಣ್ಣ ಅಕ್ಷರಗಳ ಅಂಕಿಗಳನ್ನು ಓದಿದರು, ಅವನ್ನು ಸೂತ್ರದ ಪಕ್ಕದಲ್ಲಿಟ್ಟರು.

ಮಕ್ಕಳ ಪುಡಿ ಪಾನೀಯಗಳ ಕಥೆಯೂ ಇದೇ. ಆರೋಗ್ಯ ಪಾನೀಯವೆಂಬ ವರ್ಗಕ್ಕೆ ಆಹಾರ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲ. 2024ರ ಏಪ್ರಿಲಿನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಬೋರ್ನ್‌ವಿಟಾ ಸೇರಿದಂತೆ ಇಂಥ ಪಾನೀಯಗಳನ್ನು ಆ ವರ್ಗದಿಂದ ತೆಗೆಯುವಂತೆ ಜಾಲತಾಣದ ಮಾರಾಟಗಾರರಿಗೆ ಸೂಚಿಸಿತು. ಅಷ್ಟರಲ್ಲಿ ಎಷ್ಟೋ ತಲೆಮಾರಿನ ತಾಯಂದಿರು ಆ ಪದವನ್ನು ನಂಬಿ ಸಕ್ಕರೆಯನ್ನು ಹಾಲಿಗೆ ಬೆರೆಸಿದ್ದರು. ಸಾಂಪ್ರದಾಯಿಕವೆಂಬ ಪದವೂ ಪರೀಕ್ಷೆಗೆ ಹೊರತಲ್ಲ. ಭಾರತೀಯ ವೈದ್ಯಕೀಯ ಸಂಘ 2022ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಪತಂಜಲಿ ಆಯುರ್ವೇದ ಸಂಸ್ಥೆಯು ದಾರಿತಪ್ಪಿಸುವ ಜಾಹೀರಾತುಗಳಿಗಾಗಿ 2024ರಲ್ಲಿ ಪತ್ರಿಕೆಗಳಲ್ಲಿ ಕ್ಷಮಾಪಣೆ ಪ್ರಕಟಿಸಬೇಕಾಯಿತು. ಆಯುರ್ವೇದ ಸುಳ್ಳೆಂದು ಸುಪ್ರೀಂ ಕೋರ್ಟು ಹೇಳಲಿಲ್ಲ. ಆಧಾರವಿಲ್ಲದೆ ಗುಣಪಡಿಸುವ ಮಾತಾಡಬಾರದೆಂಬುದು ವಿಚಾರಣೆಯ ತಿರುಳು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡವಿದೆ. ಹೊಗಳಿ ಮಾತಾಡಿದ ತಾರೆಯರೂ ಹೊಣೆಗಾರರು. ಆದರೂ ದಂಡ ಬೀಳುವುದು ಮಾಲು ಮಾರಾಟವಾದ ಮೇಲೆ. ಅದಕ್ಕೆ ಮೊದಲು ಗ್ರಾಹಕನ ಕೈಯಲ್ಲಿರುವುದು ಪ್ರಶ್ನೆಯೊಂದೇ.

ಕೊನೆಯ ವರ್ಷಗಳು

ನರಸಿಂಹಯ್ಯನವರು ಮುಂದೆ ನ್ಯಾಷನಲ್ ಶಿಕ್ಷಣ ಸಂಸ್ಥೆಯ ಅಧ್ಯಕ್ಷರಾದರು, ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು, ಪದ್ಮಭೂಷಣ ಪುರಸ್ಕಾರಕ್ಕೆ ಪಾತ್ರರಾದರು. ಅಲೌಕಿಕವೆನ್ನಲಾದ ಹೇಳಿಕೆಗಳನ್ನು ಪರೀಕ್ಷಿಸುವ ಅಮೆರಿಕದ ವಿದ್ವಾಂಸರ ಸಮಿತಿಯೂ ಅವರನ್ನು ತನ್ನ ಫೆಲೋ ಆಗಿ ಗೌರವಿಸಿತು. ಲಲಿತಕಲೆಗಳಿಗೂ ಅವರ ಕಾಲೇಜಿನ ಬಾಗಿಲು ತೆರೆದಿತ್ತು. ವಿಜ್ಞಾನವೆಂದರೆ ರಸಹೀನ ಬದುಕೆಂದು ಅವರು ಎಂದೂ ತಿಳಿದವರಲ್ಲ. ತೆರೆದ ಮನ ಎಂಬುದು ಅವರ ಪ್ರಬಂಧ ಸಂಕಲನವೊಂದರ ಹೆಸರು. ಎಲ್ಲವನ್ನೂ ಅಲ್ಲಗಳೆಯುವವನ ಮನಸ್ಸು ತೆರೆದದ್ದಲ್ಲ. ಎಲ್ಲವನ್ನೂ ನಂಬುವವನದೂ ಅಲ್ಲ. ಆಧಾರ ಬಂದರೆ ಬದಲಾಗಲು ಸಿದ್ಧವಿರುವ ಮನಸ್ಸು ಅದು.

2005ರ ಜನವರಿ 31ರಂದು ಬೆಂಗಳೂರಿನಲ್ಲಿ ಅವರು ಕೊನೆಯುಸಿರೆಳೆದರು. ಆಸ್ತಿಯೆಂದು ಹೇಳಿಕೊಳ್ಳಲು ವಿದ್ಯಾರ್ಥಿನಿಲಯದ ಆ ಕೋಣೆಯೂ ಅವರದಾಗಿರಲಿಲ್ಲ. ತಮ್ಮದೆಂದು ಏನನ್ನೂ ಮಾರದವರಾದ್ದರಿಂದ ಮಾರುವವರನ್ನು ಅಳುಕಿಲ್ಲದೆ ಪ್ರಶ್ನಿಸಬಲ್ಲವರಾಗಿದ್ದರು.

ಹೊಸೂರಿನ ಹುಡುಗ ನಡೆದು ಬಂದ ದಾರಿಯಲ್ಲಿ ಇಂದು ಬಸ್ಸುಗಳು ಓಡುತ್ತವೆ. ಅದೇ ದಾರಿಗಳಲ್ಲಿ ನೀರಿನ ಯಂತ್ರ, ಶಕ್ತಿವರ್ಧಕ ಪುಡಿ, ಸಕ್ಕರೆ ಕಾಯಿಲೆಯ ಕಷಾಯಗಳೂ ಹಳ್ಳಿ ಹಳ್ಳಿಗೆ ತಲುಪುತ್ತವೆ. ಅವುಗಳಲ್ಲಿ ಒಳ್ಳೆಯವೂ ಇವೆ. ಒಳ್ಳೆಯದಾಗಿದ್ದರೆ ಪರೀಕ್ಷೆಗೆ ಹೆದರಬೇಕಾಗಿಲ್ಲ. ಮುಂದಿನ ಸಲ ಬಾಗಿಲಿಗೆ ಬಂದವನು ಭರವಸೆ ಕೊಟ್ಟಾಗ, ಹಣ ಎಣಿಸುವ ಮೊದಲು ಯಾವ ಕಾಯಿಲೆಗೆ, ಎಷ್ಟು ಪ್ರಮಾಣದಲ್ಲಿ, ಯಾರು ಪರೀಕ್ಷಿಸಿದರು, ಯಾವುದರೊಡನೆ ಹೋಲಿಸಿದರು ಎಂದು ಕೇಳಿ. ಉತ್ತರದ ಬದಲು ಗುಣವಾದವರ ಹೆಸರುಗಳಷ್ಟೇ ಬಂದರೆ, ಸರಕನ್ನು ಅವನ ಚೀಲಕ್ಕೇ ಮರಳಿಸಿ.